ಇಪ್ಪತ್ತು ಚೀಟಿಗಳಿಂದ ಆವರ್ತ ಕೋಷ್ಟಕ: ಕಟ್ಟಿ ನೋಡಿ ಕಲಿಯುವ ಸಮಗ್ರ ಮಾರ್ಗದರ್ಶಿ

ಶಾಲೆಯ ವಿಜ್ಞಾನ ಕೊಠಡಿಯ ಗೋಡೆಗೆ ತೂಗುಹಾಕಿದ ಆವರ್ತ ಕೋಷ್ಟಕದ ಪಟವನ್ನು ನೋಡದವರಿಲ್ಲ. ಅದನ್ನು ಓದಲು ಕಲಿತವರು ಮಾತ್ರ ಕಡಿಮೆ. ಮೊದಲ ಇಪ್ಪತ್ತು ಧಾತುಗಳ ಹೆಸರನ್ನು ಮಗ್ಗಿಯ ಹಾಗೆ ಉರು ಹೊಡೆದು, ಪರೀಕ್ಷೆ ಮುಗಿದ ಮರುದಿನವೇ ಮರೆತವರಲ್ಲಿ ನಾನೂ ಒಬ್ಬ. ಮುಂದೆ ಮಕ್ಕಳಿಗೆ ಪಾಠ ಹೇಳುವ ಸರದಿ ಬಂದಾಗ, ಈ ಕೋಷ್ಟಕವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಅವರ ಕೈಯಿಂದಲೇ ಕಟ್ಟಿಸುವುದು ಸುಲಭವೆಂದು ತಿಳಿಯಿತು. ಆವರ್ತ ಕೋಷ್ಟಕವೆಂದರೆ 118 ಧಾತುಗಳ ಒಂದೇ ಉದ್ದನೆಯ ಸಾಲು. ಅದನ್ನು ಕೆಲವು ನಿರ್ದಿಷ್ಟ ಜಾಗಗಳಲ್ಲಿ ಮಡಿಸಿ ಇಟ್ಟಿದ್ದಾರೆ. ಎಲ್ಲಿ ಮಡಿಸಬೇಕು, ಅಲ್ಲಿಯೇ ಏಕೆ ಮಡಿಸಬೇಕು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಉಳಿದದ್ದು ಒಂದರ ಹಿಂದೆ ಒಂದು ತಾನಾಗಿ ಬರುತ್ತದೆ.

ಬೇಕಾಗುವುದು ಇಷ್ಟೆ: ಅಂಗೈಯಗಲದ ಇಪ್ಪತ್ತು ಗಟ್ಟಿ ಚೀಟಿಗಳು, ಒಂದು ಪೆನ್ಸಿಲು, ತಾಳೆ ನೋಡಲು ಅಚ್ಚಾದ ಒಂದು ಕೋಷ್ಟಕ. ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳು ಕೂಡಿಬಿದ್ದಿದ್ದರೆ ಅವುಗಳನ್ನು ಕತ್ತರಿಸಿ ಹಿಂಬದಿಯನ್ನು ಬಳಸಬಹುದು; ಆ ಕಾಗದ ದಪ್ಪಗಿದ್ದು, ಎಷ್ಟು ಸಲ ಜಾಗ ಬದಲಿಸಿದರೂ ಸುಕ್ಕಾಗುವುದಿಲ್ಲ. ಫ್ಯಾನು ಆರಿಸಿ, ನೆಲದ ಮೇಲೆ ಕುಳಿತು ಶುರುಮಾಡುವುದು ಒಳ್ಳೆಯದು.

ಹಂತ 1: ಚೀಟಿಗಳನ್ನು ಬರೆಯುವುದು

ಒಂದೊಂದು ಚೀಟಿಗೆ ಒಂದೊಂದು ಧಾತು. ಹೈಡ್ರೋಜನ್, ಹೀಲಿಯಂ, ಲಿಥಿಯಂ, ಬೆರಿಲಿಯಂ, ಬೋರಾನ್, ಕಾರ್ಬನ್, ನೈಟ್ರೋಜನ್, ಆಕ್ಸಿಜನ್, ಫ್ಲೂರಿನ್, ನಿಯಾನ್, ಸೋಡಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಸಿಲಿಕಾನ್, ಫಾಸ್ಫರಸ್, ಗಂಧಕ, ಕ್ಲೋರಿನ್, ಆರ್ಗಾನ್, ಪೊಟ್ಯಾಸಿಯಂ, ಕ್ಯಾಲ್ಸಿಯಂ ಎಂಬ ಇಪ್ಪತ್ತನ್ನು ತೆಗೆದುಕೊಳ್ಳಿ. ಹೆಸರಿನ ಜೊತೆಗೆ ಅಚ್ಚಾದ ಕೋಷ್ಟಕದಿಂದ ಪರಮಾಣು ಸಂಖ್ಯೆ, ಪರಮಾಣು ರಾಶಿ ಎರಡನ್ನೂ ಬರೆದುಕೊಳ್ಳಿ. ಪರಮಾಣು ಸಂಖ್ಯೆಯೆಂದರೆ ಬೀಜಕೇಂದ್ರದಲ್ಲಿರುವ ಪ್ರೋಟಾನುಗಳ ಎಣಿಕೆ; ಪರಮಾಣು ರಾಶಿಯೆಂದರೆ ಆ ಪರಮಾಣು ಎಷ್ಟು ಭಾರವೆಂಬುದರ ಅಳತೆ.

ಚೀಟಿಯ ಕೆಳತುದಿಯಲ್ಲಿ ದಪ್ಪ ಅಕ್ಷರದಲ್ಲಿ ಇನ್ನೊಂದು ಅಂಕಿ ಬೇಕು: ಆ ಧಾತುವಿನ ಒಂದು ಪರಮಾಣು ಎಷ್ಟು ಹೈಡ್ರೋಜನ್ ಪರಮಾಣುಗಳನ್ನು ಹಿಡಿದುಕೊಳ್ಳಬಲ್ಲದು ಎಂಬುದು. ನೀರಿನಲ್ಲಿ ಒಂದು ಆಕ್ಸಿಜನ್‌ಗೆ ಎರಡು ಹೈಡ್ರೋಜನ್ ಇರುವುದರಿಂದ ಆಕ್ಸಿಜನ್‌ನ ಅಂಕಿ 2. ಅಮೋನಿಯಾದಲ್ಲಿ ನೈಟ್ರೋಜನ್ ಮೂರನ್ನು ಹಿಡಿಯುತ್ತದೆ, ಗೋಬರ್ ಗ್ಯಾಸಿನ ಮುಖ್ಯ ಅಂಶವಾದ ಮೀಥೇನಿನಲ್ಲಿ ಕಾರ್ಬನ್ ನಾಲ್ಕನ್ನು ಹಿಡಿಯುತ್ತದೆ. ಯಾರೊಂದಿಗೂ ಸೇರದ ಹೀಲಿಯಂ, ನಿಯಾನ್, ಆರ್ಗಾನ್‌ಗಳಿಗೆ ಸೊನ್ನೆ. ಪಠ್ಯಪುಸ್ತಕ ಇದನ್ನು ವೇಲೆನ್ಸಿ ಎನ್ನುತ್ತದೆ. ಹೆಸರು ಮುಖ್ಯವಲ್ಲ, ಅಂಕಿಯನ್ನು ತಪ್ಪಿಲ್ಲದೆ ಬರೆಯುವುದು ಮುಖ್ಯ. ಮುಂದಿನ ಎರಡು ಹಂತಗಳು ಇದರ ಮೇಲೆಯೇ ನಿಂತಿವೆ.

ಹಂತ 2: ಸಾಲಾಗಿ ಇಡುವುದು, ಒಮ್ಮೆ ತಪ್ಪಾಗಿ, ಇನ್ನೊಮ್ಮೆ ಸರಿಯಾಗಿ

ಮೊದಲು ಪರಮಾಣು ರಾಶಿಯ ಏರಿಕೆಯ ಕ್ರಮದಲ್ಲಿ ಚೀಟಿಗಳನ್ನು ಎಡದಿಂದ ಬಲಕ್ಕೆ ಇಡಿ. ಹೈಡ್ರೋಜನ್ 1.008, ಹೀಲಿಯಂ 4.00, ಲಿಥಿಯಂ 6.94, ಹೀಗೆ ಸಾಲು ಯಾವ ತಕರಾರೂ ಇಲ್ಲದೆ ಕ್ಲೋರಿನ್‌ನ 35.45ರವರೆಗೆ ಬರುತ್ತದೆ. ಅಲ್ಲಿ ಒಂದು ತೊಡಕು. ಪೊಟ್ಯಾಸಿಯಂನ ರಾಶಿ 39.10, ಆರ್ಗಾನ್‌ನದು 39.95. ರಾಶಿಯನ್ನೇ ನಂಬಿದರೆ ಪೊಟ್ಯಾಸಿಯಂ ಮೊದಲು, ಆರ್ಗಾನ್ ನಂತರ ಬರಬೇಕು. ಹಾಗೆ ಇಟ್ಟು ಕೆಳತುದಿಯ ಅಂಕಿಗಳನ್ನು ಓದಿ ನೋಡಿ: ಅದುವರೆಗೆ 2, 1 ಆದ ಮೇಲೆ 0 ಬಂದು ಮತ್ತೆ 1, 2 ಎಂದು ಏರುತ್ತಿದ್ದ ತಾಳ ಇಲ್ಲಿ ತಪ್ಪುತ್ತದೆ. ಈಗ ಪರಮಾಣು ಸಂಖ್ಯೆಯ ಕ್ರಮದಲ್ಲಿ ಇಡಿ: 18 ಆರ್ಗಾನ್, 19 ಪೊಟ್ಯಾಸಿಯಂ. ತಾಳ ಸರಿಯಾಗುತ್ತದೆ.

ಮಕ್ಕಳು ಈ ತಪ್ಪನ್ನು ಕೈಯಾರೆ ಮಾಡಿ ತಿದ್ದಿಕೊಳ್ಳಲಿ ಎಂಬುದು ನನ್ನ ಆಗ್ರಹ, ಏಕೆಂದರೆ ಇಡೀ ವಿಜ್ಞಾನಲೋಕವೇ ಇದೇ ತೊಡಕಿನಲ್ಲಿ ಸುಮಾರು 44 ವರ್ಷ ಸಿಕ್ಕಿಕೊಂಡಿತ್ತು. ರಷ್ಯಾದ ದ್ಮಿತ್ರಿ ಮೆಂಡಲೀವ್ 1869ರಲ್ಲಿ, ಆಗ ಗೊತ್ತಿದ್ದ 63 ಧಾತುಗಳನ್ನು ಜೋಡಿಸಿದಾಗ ಅವರ ಕೈಯಲ್ಲಿದ್ದುದು ಪರಮಾಣು ತೂಕ ಮಾತ್ರ. ಟೆಲ್ಯೂರಿಯಂ ಅಯೋಡಿನ್‌ಗಿಂತ ಭಾರವಾದುದು. ಈಗಿನ ಲೆಕ್ಕದಲ್ಲಿ 127.6 ಮತ್ತು 126.9. ಆದರೂ ಗುಣ ನೋಡಿದರೆ ಅಯೋಡಿನ್ ಸೇರಬೇಕಾದದ್ದು ಕ್ಲೋರಿನ್, ಬ್ರೋಮಿನ್‌ಗಳ ಬಳಗಕ್ಕೆ. ಮೆಂಡಲೀವ್ ಗುಣವನ್ನು ನಂಬಿ ಟೆಲ್ಯೂರಿಯಂ ಅನ್ನು ಮೊದಲು, ಅಯೋಡಿನ್ ಅನ್ನು ನಂತರ ಇಟ್ಟರು. ತೂಕವನ್ನು ಯಾರೋ ತಪ್ಪಾಗಿ ಅಳೆದಿರಬೇಕು ಎಂದುಕೊಂಡರು. ಜಾಗ ಸರಿಯಾಗಿತ್ತು, ಕೊಟ್ಟ ಕಾರಣ ತಪ್ಪಾಗಿತ್ತು. ಇಂಗ್ಲೆಂಡಿನ ಹೆನ್ರಿ ಮೋಸ್ಲಿ 1913ರಲ್ಲಿ ಧಾತುಗಳು ಹೊರಸೂಸುವ ಎಕ್ಸ್-ಕಿರಣಗಳ ಆವರ್ತನವನ್ನು ಅಳೆದು, ಧಾತುವಿನಿಂದ ಧಾತುವಿಗೆ ಒಂದೊಂದೇ ಮೆಟ್ಟಿಲು ಏರುವುದು ಬೀಜಕೇಂದ್ರದ ವಿದ್ಯುದಂಶ, ಅಂದರೆ ಪರಮಾಣು ಸಂಖ್ಯೆ, ಎಂದು ತೋರಿಸಿದ ಮೇಲೆ ಈ ಗೊಂದಲ ತೀರಿತು. ಇದಾದ ಎರಡೇ ವರ್ಷಕ್ಕೆ, 1915ರಲ್ಲಿ, ಗಲಿಪೊಲಿಯ ಯುದ್ಧದಲ್ಲಿ ಗುಂಡು ತಗುಲಿ ಮೋಸ್ಲಿ ತೀರಿಕೊಂಡಾಗ ಅವರಿಗೆ 27 ವರ್ಷ.

ಹಂತ 3: ಸಾಲನ್ನು ಮಡಿಸುವುದು

ಈಗ ಚೀಟಿಗಳ ಕೆಳತುದಿಯ ಅಂಕಿಗಳನ್ನು ಗಟ್ಟಿಯಾಗಿ ಓದಿ:

1, 0, 1, 2, 3, 4, 3, 2, 1, 0, 1, 2, 3, 4, 3, 2, 1, 0, 1, 2.

ಕಿವಿಗೆ ತಾಳ ಕೇಳಿಸಿರಬೇಕು. ಪ್ರತಿ ಸೊನ್ನೆ ಬಂದ ಕೂಡಲೇ ಸಾಲು ಮುರಿದು, ಮುಂದಿನ ಚೀಟಿಯನ್ನು ಕೆಳಗೆ ಹೊಸ ಸಾಲಿನ ಎಡತುದಿಯಲ್ಲಿ ಇಡಿ. ಮೊದಲ ಸಾಲಿನಲ್ಲಿ ಎರಡು, ಎರಡನೆಯದರಲ್ಲಿ ಎಂಟು, ಮೂರನೆಯದರಲ್ಲಿ ಎಂಟು ಚೀಟಿ ನಿಂತು, ನಾಲ್ಕನೆಯ ಸಾಲಿನಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ ಮಾತ್ರ ಉಳಿಯುತ್ತವೆ. ಮೊದಲ ಸಾಲಿನ ಹೀಲಿಯಂ ಅನ್ನು ಬಲತುದಿಗೆ ಸರಿಸಿ ನಿಯಾನ್‌ನ ನೆತ್ತಿಯ ಮೇಲೆ ಇಟ್ಟುಬಿಡಿ. ಸೊನ್ನೆಯ ಕೆಳಗೆ ಸೊನ್ನೆ ಇರಲಿ. ಅಡ್ಡಸಾಲಿಗೆ ಆವರ್ತ ಎಂದೂ ಕಂಬಸಾಲಿಗೆ ಗುಂಪು ಎಂದೂ ಹೆಸರು.

ನಾವು ಇಷ್ಟು ಸುಲಭವಾಗಿ ಮಡಿಸಿದ್ದಕ್ಕೆ ಕಾರಣ, ನಮ್ಮ ಕೈಯಲ್ಲಿ ಸೊನ್ನೆಯ ಚೀಟಿಗಳಿರುವುದು. ಮೆಂಡಲೀವರ ಕೈಯಲ್ಲಿ ಅವು ಇರಲಿಲ್ಲ. ಆರ್ಗಾನ್ ಪತ್ತೆಯಾದದ್ದು 1894ರಲ್ಲಿ. ಹೀಲಿಯಂನ ಸುಳಿವು ಸಿಕ್ಕಿದ್ದು 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ಬೆನ್ನಿಗೆ. ಆ ಗ್ರಹಣವನ್ನು ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ವೀಕ್ಷಿಸಿದ್ದು ನಮ್ಮ ನೆರೆಯ ಗುಂಟೂರಿನಲ್ಲಿ. ಸೂರ್ಯನ ಬೆಳಕಿನಲ್ಲಿ ಕಂಡ ಆ ಹಳದಿ ಗೆರೆಯ ಒಡೆಯನನ್ನು ಭೂಮಿಯ ಮೇಲೆ ವಿಲಿಯಂ ರಾಮ್ಸೆ ಹಿಡಿದದ್ದು 1895ರಲ್ಲಿ. ಒಂದಿಡೀ ಕಂಬಸಾಲೇ ಕಾಣದಿರುವಾಗಲೂ ಉಳಿದ ಸಾಲುಗಳನ್ನು ಸರಿಯಾಗಿ ಮಡಿಸಿದ್ದು ಸಣ್ಣ ಕೆಲಸವಲ್ಲ.

ಹಂತ 4: ಕಂಬಸಾಲನ್ನು ತಾಳೆ ನೋಡುವುದು

ಮಡಿಕೆ ಸರಿಯಾಗಿದೆಯೇ ಎಂದು ತಿಳಿಯಲು ಕಂಬಸಾಲಿನಲ್ಲಿರುವವು ನಿಜಕ್ಕೂ ಒಂದೇ ಕುಟುಂಬದವೇ ಎಂದು ನೋಡಬೇಕು. ಎಡತುದಿಯ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಮೂರೂ ಚಾಕುವಿನಿಂದ ಕೊಯ್ಯಬಹುದಾದಷ್ಟು ಮೆತ್ತನೆಯ ಲೋಹಗಳು. ಮೂರೂ ನೀರಿನೊಡನೆ ವರ್ತಿಸಿ ಹೈಡ್ರೋಜನ್ ಬಿಡುತ್ತವೆ, ನೀರನ್ನು ಕ್ಷಾರವಾಗಿಸುತ್ತವೆ. ಲಿಥಿಯಂ ನೀರಿನ ಮೇಲೆ ತೇಲುತ್ತಾ ಸದ್ದಿಲ್ಲದೆ ಗುಳ್ಳೆ ಎಬ್ಬಿಸುತ್ತದೆ. ಸೋಡಿಯಂ ಕರಗಿ ಉಂಡೆಯಾಗಿ ಸುಂಯ್‌ಗುಟ್ಟುತ್ತಾ ಅತ್ತಿಂದಿತ್ತ ಓಡಾಡುತ್ತದೆ. ಪೊಟ್ಯಾಸಿಯಂ ಮುಟ್ಟಿದ ಕ್ಷಣವೇ ನಸುನೇರಳೆ ಜ್ವಾಲೆಯೊಡನೆ ಹೊತ್ತಿಕೊಳ್ಳುತ್ತದೆ. ಇದು ಮನೆಯಲ್ಲಿ ಮಾಡಿ ನೋಡುವ ಪ್ರಯೋಗವಲ್ಲ. ಪ್ರಯೋಗಾಲಯದಲ್ಲಿ ಅಕ್ಕಿಕಾಳಿನಷ್ಟು ತುಣುಕಿಗೂ ಗಾಜಿನ ಪರದೆ ಬೇಕು. ಗಮನಿಸಬೇಕಾದದ್ದು ಎರಡು: ಗುಣ ಒಂದೇ, ಆದರೆ ಕೆಳಗಿಳಿದಂತೆ ಆರ್ಭಟ ಹೆಚ್ಚು. ಕಂಬಸಾಲಿನಲ್ಲಿ ಸಾಮ್ಯದ ಜೊತೆಗೆ ಹೀಗೆ ಒಂದು ಇಳಿಜಾರೂ ಇರುತ್ತದೆ.

ರಾಶಿಗಳಲ್ಲೂ ಒಂದು ಸೊಗಸಿದೆ. ಲಿಥಿಯಂ ಸುಮಾರು 7, ಪೊಟ್ಯಾಸಿಯಂ ಸುಮಾರು 39. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 23, ಅದೇ ಸೋಡಿಯಂನ ರಾಶಿ. ಜರ್ಮನಿಯ ಡೋಬರೈನರ್ ಇಂಥ ತ್ರಿವಳಿಗಳನ್ನು 1829ರಲ್ಲೇ ತೋರಿಸಿದ್ದರು.

ಹಂತ 5: ಮಡಿಕೆ ಅಲ್ಲಿಯೇ ಏಕೆ ಎಂದು ಕೇಳುವುದು

ಇಪ್ಪತ್ತು ಚೀಟಿಯಲ್ಲಿ ಸಾಲಿನ ಉದ್ದ 2, 8, 8 ಎಂದು ಬಂತು. ನೀವು ಇನ್ನೂ ಚೀಟಿ ಸೇರಿಸುತ್ತಾ ಹೋದರೆ ಉಳಿದ ಸಾಲುಗಳು 18, 18, 32, 32 ಆಗುತ್ತವೆ. ವಿದ್ಯಾರ್ಥಿಗಳು ಅತಿ ಹೆಚ್ಚು ಎಡವುವುದು ಇಲ್ಲಿ. ಪರಮಾಣುವಿನ ಎಲೆಕ್ಟ್ರಾನ್ ಕವಚಗಳ ಸಾಮರ್ಥ್ಯ ಒಳಗಿನಿಂದ ಹೊರಗೆ 2, 8, 18, 32 ಎಂದು ಅವರಿಗೆ ಹೇಳಿಕೊಟ್ಟಿರುತ್ತಾರೆ. ಹಾಗಾದರೆ ಮೂರನೆಯ ಸಾಲಿನಲ್ಲಿ 18 ಧಾತು ಇರಬೇಕಲ್ಲ, ಎಂಟೇ ಏಕಿವೆ ಎಂದು ಜಾಣ ವಿದ್ಯಾರ್ಥಿ ಕೇಳುತ್ತಾನೆ. ಕೇಳದಿದ್ದರೆ ನೀವೇ ಕೇಳಿಸಬೇಕು.

ಉತ್ತರ ಉಪಕವಚಗಳಲ್ಲಿದೆ. ಕವಚವೆಂಬುದು ಅಂತಸ್ತಾದರೆ ಉಪಕವಚಗಳು ಅದರೊಳಗಿನ ಕೋಣೆಗಳು. ಎಸ್ ಕೋಣೆಯಲ್ಲಿ 2 ಎಲೆಕ್ಟ್ರಾನ್, ಪಿ ಕೋಣೆಯಲ್ಲಿ 6, ಡಿ ಕೋಣೆಯಲ್ಲಿ 10, ಎಫ್ ಕೋಣೆಯಲ್ಲಿ 14 ಹಿಡಿಸುತ್ತವೆ. ಕೋಣೆಗಳು ತುಂಬುವ ಸರದಿ ಅಂತಸ್ತಿನ ಕ್ರಮವನ್ನು ಪಾಲಿಸುವುದಿಲ್ಲ, ಶಕ್ತಿಯ ಕ್ರಮವನ್ನು ಪಾಲಿಸುತ್ತದೆ. ಸರದಿ ಕಂಡುಹಿಡಿಯಲು ಒಂದು ಕೈಲೆಕ್ಕವಿದೆ: ಎಸ್‌ಗೆ 0, ಪಿಗೆ 1, ಡಿಗೆ 2, ಎಫ್‌ಗೆ 3 ಎಂದು ಇಟ್ಟುಕೊಂಡು ಅದನ್ನು ಅಂತಸ್ತಿನ ಸಂಖ್ಯೆಗೆ ಕೂಡಿಸಿ. ಮೊತ್ತ ಕಡಿಮೆಯಿದ್ದುದು ಮೊದಲು ತುಂಬುತ್ತದೆ. ಮೊತ್ತ ಸಮವಾದರೆ ಕೆಳಗಿನ ಅಂತಸ್ತಿನದು ಮೊದಲು. ಮೂರನೆಯ ಅಂತಸ್ತಿನ ಡಿ ಕೋಣೆಗೆ 3 ಮತ್ತು 2 ಸೇರಿ 5. ನಾಲ್ಕನೆಯ ಅಂತಸ್ತಿನ ಎಸ್ ಕೋಣೆಗೆ 4 ಮತ್ತು 0 ಸೇರಿ 4. ಆದುದರಿಂದ ಮೂರನೆಯ ಅಂತಸ್ತಿನಲ್ಲಿ ಎಸ್, ಪಿ ಎರಡು ತುಂಬಿ ಎಂಟಾದ ಕೂಡಲೇ, ಅದೇ ಅಂತಸ್ತಿನ ಡಿ ಕೋಣೆ ಖಾಲಿ ಇರುವಾಗಲೇ, ಎಲೆಕ್ಟ್ರಾನು ಮೇಲಿನ ಅಂತಸ್ತಿನ ಎಸ್ ಕೋಣೆಗೆ ಹತ್ತುತ್ತದೆ. ಅದೇ ಪೊಟ್ಯಾಸಿಯಂ, ಅಲ್ಲಿಯೇ ಮಡಿಕೆ.

ಹೊಸ ಅಂತಸ್ತಿನ ಎಸ್ ಕೋಣೆ ತೆರೆದಾಗ ಸಾಲು ಆರಂಭ, ಅದರ ಪಿ ಕೋಣೆ ತುಂಬಿದಾಗ ಸಾಲು ಮುಕ್ತಾಯ. ಮೊದಲ ಸಾಲಿಗೆ ಪಿ ಕೋಣೆಯೇ ಇಲ್ಲದ ಕಾರಣ ಅದು ಎಸ್‌ಗೇ ಮುಗಿಯುತ್ತದೆ. ನಾಲ್ಕನೆಯ ಸಾಲಿನ ಲೆಕ್ಕ 2, 10, 6 ಸೇರಿ 18. ಆರನೆಯ ಸಾಲಿನಲ್ಲಿ 2, 14, 10, 6 ಸೇರಿ 32. ಪಟದ ಎಡಗಡೆಯ ಎರಡು ಕಂಬಸಾಲು ಎಸ್ ಕೋಣೆಯವು, ನಡುವಿನ ಹತ್ತು ಕಂಬಸಾಲಿನ ತಗ್ಗು ಡಿ ಕೋಣೆಯದು, ಬಲಗಡೆಯ ಆರು ಪಿ ಕೋಣೆಯವು. ಕೆಳಗೆ ಬೇರೆಯಾಗಿ ತೇಲುತ್ತಿರುವ ಎರಡು ಪಟ್ಟಿಗಳು ಎಫ್ ಕೋಣೆಯವು. ಅವುಗಳ ನಿಜವಾದ ಜಾಗ ಆರನೆಯ ಮತ್ತು ಏಳನೆಯ ಸಾಲುಗಳ ಒಳಗೆ. ಕಾಗದದ ಅಗಲ ಸಾಲದೆಂದು ಹೊರಗೆ ಎಳೆದಿಟ್ಟಿದ್ದಾರೆ. ಕೆಳಗಿನ ಪಟ್ಟಿಯ ಮೊದಲ ಸದಸ್ಯರಾದ ಥೋರಿಯಂ, ಯುರೇನಿಯಂ ಮುಂತಾದವು 1940ರ ದಶಕದವರೆಗೆ ಡಿ ಕೋಣೆಯ ತಗ್ಗಿನಲ್ಲಿಯೇ ಕುಳಿತಿದ್ದವು. ಅವನ್ನು ಎಬ್ಬಿಸಿ ಕೆಳಗಿನ ಪಟ್ಟಿಗೆ ತಂದವರು ಅಮೆರಿಕದ ಗ್ಲೆನ್ ಸೀಬೋರ್ಗ್. ಕೇರಳದ ಕಡಲತೀರದ ಮೊನಜೈಟ್ ಮರಳಿನಲ್ಲಿ ಥೋರಿಯಂ ಮತ್ತು ಮೇಲಿನ ಪಟ್ಟಿಯ ಲ್ಯಾಂಥನೈಡುಗಳು ಒಂದೇ ಹರಳಿನೊಳಗೆ ಸಿಗುವುದನ್ನು ನೋಡಿದರೆ ಈ ನೆಂಟಸ್ತನ ನೆಲಕ್ಕೂ ಗೊತ್ತಿದ್ದಂತಿದೆ.

ಹಂತ 6: ಸಂಖ್ಯೆಯಿಂದ ಮನೆ ಹುಡುಕುವುದು

ಚೌಕಾಬಾರದ ಹಾಗೆ ಕೋಷ್ಟಕದ ಒಂದೊಂದು ಚೌಕವನ್ನೂ ಮನೆ ಎನ್ನೋಣ. ಪಟ ನೋಡದೆಯೇ ಯಾವ ಧಾತುವಿನ ಮನೆಯನ್ನಾದರೂ ಲೆಕ್ಕಹಾಕಿ ಹೇಳಬಹುದು. ನೆನಪಿಡಬೇಕಾದದ್ದು ಸಾಲುಗಳ ಕೊನೆಯ ಜಡಾನಿಲಗಳ, ಅಂದರೆ ಸೊನ್ನೆಯ ಚೀಟಿಯ ಕಂಬಸಾಲಿನ ಅನಿಲಗಳ, ಸಂಖ್ಯೆಗಳನ್ನು ಮಾತ್ರ: 2, 10, 18, 36, 54, 86, 118. ಇವನ್ನು ಬಾಯಿಪಾಠ ಮಾಡಿದರೆ ನನ್ನ ಅಭ್ಯಂತರವಿಲ್ಲ.

ಕೊಟ್ಟ ಸಂಖ್ಯೆಗಿಂತ ಚಿಕ್ಕದಾದ, ಅದಕ್ಕೆ ತೀರ ಹತ್ತಿರದ ಜಡಾನಿಲ ಸಂಖ್ಯೆಯನ್ನು ಕಳೆಯಿರಿ. ಆ ಜಡಾನಿಲದ ಮುಂದಿನ ಸಾಲೇ ನಿಮ್ಮ ಸಾಲು. ನಾಲ್ಕು, ಐದನೆಯ ಸಾಲುಗಳಲ್ಲಿ ಉಳಿದ ಶೇಷವೇ ಗುಂಪಿನ ಸಂಖ್ಯೆ (ಗುಂಪುಗಳನ್ನು ಎಡದಿಂದ ಬಲಕ್ಕೆ 1ರಿಂದ 18ರವರೆಗೆ ಎಣಿಸುತ್ತಾರೆ). ಅಯೋಡಿನ್ 53, ಅದರಿಂದ 36 ಕಳೆದರೆ 17, ಐದನೆಯ ಸಾಲು, 17ನೆಯ ಗುಂಪು. ಎರಡು, ಮೂರನೆಯ ಸಾಲುಗಳಲ್ಲಿ ಡಿ ಕೋಣೆಯ ಹತ್ತು ಮನೆಗಳು ಇಲ್ಲದ್ದರಿಂದ, ಶೇಷ 3 ಅಥವಾ ಹೆಚ್ಚಿದ್ದರೆ ಅದಕ್ಕೆ 10 ಕೂಡಿಸಬೇಕು. ಫಾಸ್ಫರಸ್ 15; 10 ಕಳೆದರೆ 5, ಹತ್ತು ಕೂಡಿಸಿದರೆ 15ನೆಯ ಗುಂಪು. ಆರು, ಏಳನೆಯ ಸಾಲುಗಳಲ್ಲಿ ಶೇಷ 1 ಅಥವಾ 2 ಆದರೆ ಅದೇ ಗುಂಪು. 3ರಿಂದ 16ರವರೆಗೆ ಆದರೆ ಅದು ಕೆಳಗಿನ ಪಟ್ಟಿಗೆ ಸೇರಿದ್ದು. 17 ಅಥವಾ ಹೆಚ್ಚಾದರೆ 14 ಕಳೆಯಬೇಕು. ಸೀಸ 82, 54 ಕಳೆದರೆ 28, ಮತ್ತೆ 14 ಕಳೆದರೆ 14ನೆಯ ಗುಂಪು.

ಈಗ ಇದೇ ಲೆಕ್ಕವನ್ನು 29, 47, 79 ಎಂಬ ಮೂರು ಸಂಖ್ಯೆಗಳ ಮೇಲೆ ಮಾಡಿ. ಮೂರಕ್ಕೂ ಉತ್ತರ 11ನೆಯ ಗುಂಪು. ಅವು ತಾಮ್ರ, ಬೆಳ್ಳಿ, ಚಿನ್ನ. ಶತಮಾನಗಳಿಂದ ನಾಣ್ಯಕ್ಕೂ ಒಡವೆಗೂ ಜನ ಆರಿಸಿಕೊಂಡ ಮೂರು ಲೋಹಗಳು ಒಂದೇ ಕಂಬಸಾಲಿನಲ್ಲಿವೆ: ಮೂರೂ ಮೃದು, ಮೂರೂ ತಂತಿಯಾಗಿ ಎಳೆಯಲು ಒಗ್ಗುವಂಥವು, ಮೂರೂ ವಿದ್ಯುತ್ತಿನ ಅತ್ಯುತ್ತಮ ವಾಹಕಗಳು, ಆಮ್ಲಗಳಿಗೆ ಬೇಗ ಜಗ್ಗದವು. ಅಕ್ಕಸಾಲಿಗರು 22 ಕ್ಯಾರೆಟ್ ಒಡವೆಗೆ ನೂರರಲ್ಲಿ 91.6 ಪಾಲು ಚಿನ್ನವಿಟ್ಟು ಉಳಿದ ಭಾಗಕ್ಕೆ ಸಾಮಾನ್ಯವಾಗಿ ಬೆರೆಸುವುದು ಮೇಲಿನ ಎರಡು ಮನೆಗಳ ತಾಮ್ರವನ್ನು, ಬೆಳ್ಳಿಯನ್ನು.

ಹಂತ 7: ಒಂದು ಮನೆಯನ್ನು ಹತ್ತಿರದಿಂದ ಓದುವುದು

ಕ್ಲೋರಿನ್‌ನ ಮನೆಯನ್ನು ತೆಗೆದುಕೊಳ್ಳಿ. ಮೇಲೆ 17, ನಡುವೆ ಇಂಗ್ಲಿಷಿನ ಸಿ ಮತ್ತು ಎಲ್ ಅಕ್ಷರಗಳ ಸಂಕೇತ, ಕೆಳಗೆ 35.45. ಹದಿನೇಳು ಪ್ರೋಟಾನುಗಳಿವೆ, ಆದ್ದರಿಂದ ತಟಸ್ಥ ಪರಮಾಣುವಿನಲ್ಲಿ ಹದಿನೇಳು ಎಲೆಕ್ಟ್ರಾನುಗಳು. ಅಂತಸ್ತುಗಳಲ್ಲಿ 2, 8, 7. ಸಾಲಿನ ಸಂಖ್ಯೆ 3 ಎಂದರೆ ಮೂರು ಅಂತಸ್ತು. ಗುಂಪಿನ ಸಂಖ್ಯೆ 17ರ ಬಿಡಿ ಅಂಕಿ 7 ಎಂದರೆ ಹೊರ ಅಂತಸ್ತಿನಲ್ಲಿ ಏಳು. ಈ ಉಪಾಯ 13ರಿಂದ 18ನೆಯ ಗುಂಪಿನವರೆಗೆ, ಹೀಲಿಯಂ ಒಂದನ್ನು ಬಿಟ್ಟು, ಕೆಲಸ ಮಾಡುತ್ತದೆ. ಜಡಾನಿಲಗಳಂತೆ ಹೊರ ಅಂತಸ್ತು ತುಂಬಿ ಎಂಟಾಗಲು ಕ್ಲೋರಿನ್‌ಗೆ ಒಂದು ಕಡಿಮೆ. ಪಕ್ಕದಲ್ಲಿ ಸೋಡಿಯಂನ ಚೀಟಿಯನ್ನು ಇಟ್ಟು ನೋಡಿ: 2, 8, 1. ಒಬ್ಬರಿಗೆ ಒಂದು ಹೊರೆ, ಇನ್ನೊಬ್ಬರಿಗೆ ಒಂದರ ಕೊರತೆ. ಕೊಟ್ಟು ತೆಗೆದುಕೊಂಡರೆ ಅಡುಗೆಮನೆಯ ಉಪ್ಪು.

35.45 ಎಂಬ ಮುರುಕು ಸಂಖ್ಯೆ ಏಕೆ? ಮುಕ್ಕಾಲು ಪ್ರೋಟಾನು, ಅರ್ಧ ನ್ಯೂಟ್ರಾನು ಇರುವುದಿಲ್ಲ. ಪ್ರಕೃತಿಯಲ್ಲಿ ಸಿಗುವ ನಾಲ್ಕು ಕ್ಲೋರಿನ್ ಪರಮಾಣುಗಳಲ್ಲಿ ಹೆಚ್ಚುಕಡಿಮೆ ಮೂರರ ರಾಶಿಸಂಖ್ಯೆ 35, ಒಂದರದು 37; ಅವುಗಳ ಸರಾಸರಿ ಇದು. ಕೆಲವು ಮನೆಗಳಲ್ಲಿ ರಾಶಿಯನ್ನು ಆವರಣದೊಳಗೆ ಪೂರ್ಣಾಂಕವಾಗಿ ಬರೆದಿರುತ್ತಾರೆ. ಅಂಥ ಧಾತುವಿಗೆ ಸ್ಥಿರ ಐಸೋಟೋಪು (ಪ್ರೋಟಾನು ಅಷ್ಟೇ ಇದ್ದು ನ್ಯೂಟ್ರಾನಿನ ಎಣಿಕೆ ಬೇರೆಯಾದ ರೂಪ) ಒಂದೂ ಇಲ್ಲವೆಂದು ಅರ್ಥ. 43ನೆಯ ಟೆಕ್ನೀಷಿಯಂ ಹಾಗಿರುವವುಗಳಲ್ಲಿ ಮೊದಲನೆಯದು.

ಸಂಕೇತಗಳ ಬಗ್ಗೆ ಒಂದು ಮಾತು. ಸೋಡಿಯಂಗೆ ಎನ್-ಎ, ಚಿನ್ನಕ್ಕೆ ಎ-ಯು ಎಂದು ಹೆಸರಿಗೆ ಹೊಂದದ ಅಕ್ಷರಗಳಿರುವುದು ಲ್ಯಾಟಿನ್ ಹೆಸರುಗಳಿಂದ. ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣ, ತವರ, ಸೀಸ, ಪಾದರಸ: ಇಂಗ್ಲಿಷ್ ಹೆಸರಿಗೆ ಹೊಂದದ ಸಂಕೇತವಿರುವ ಈ ಏಳಕ್ಕೂ ಕನ್ನಡದಲ್ಲಿ ಬಳಕೆಯ ಹೆಸರಿದೆ. ಕಾರಣ ಒಂದೇ. ಇವು ರಸಾಯನಶಾಸ್ತ್ರ ಹುಟ್ಟುವ ಮೊದಲೇ ಮನುಷ್ಯರಿಗೆ ಗೊತ್ತಿದ್ದ ಲೋಹಗಳು. ಪ್ರತಿ ಭಾಷೆಯೂ ತನ್ನದೇ ಹೆಸರಿಟ್ಟುಕೊಂಡಿತ್ತು.

ಹಂತ 8: ಇಳಿಜಾರುಗಳನ್ನು ಗುರುತಿಸುವುದು

ಒಂದು ಸಾಲಿನಲ್ಲಿ ಎಡದಿಂದ ಬಲಕ್ಕೆ ಹೋದಂತೆ ಪರಮಾಣು ಕುಗ್ಗುತ್ತದೆ. ಎಲೆಕ್ಟ್ರಾನುಗಳು ಹೆಚ್ಚಾದರೆ ಪರಮಾಣು ಹಿಗ್ಗಬೇಕಲ್ಲವೇ ಎಂದು ತೋರುವುದು ಸಹಜ. ಆದರೆ ಸೇರುವ ಎಲೆಕ್ಟ್ರಾನೆಲ್ಲ ಒಂದೇ ಅಂತಸ್ತಿನಲ್ಲಿ ಕೂರುತ್ತದೆ, ಬೀಜಕೇಂದ್ರದ ಸೆಳೆತ ಮಾತ್ರ ಮನೆಯಿಂದ ಮನೆಗೆ ಏರುತ್ತದೆ. ಹಾಗಾಗಿ ಎಲ್ಲವೂ ಒಳಕ್ಕೆ ಜಗ್ಗಲ್ಪಡುತ್ತದೆ. ಕೆಳಗಿಳಿದಂತೆ ಹೊಸ ಅಂತಸ್ತು ಸೇರುವುದರಿಂದ ಪರಮಾಣು ಹಿಗ್ಗುತ್ತದೆ: ಲಿಥಿಯಂನ ತ್ರಿಜ್ಯ 152 ಪಿಕೋಮೀಟರ್, ಸೋಡಿಯಂನದು 186, ಪೊಟ್ಯಾಸಿಯಂನದು 227. ಹೊರಗಿನ ಎಲೆಕ್ಟ್ರಾನ್ ದೂರವಾದಷ್ಟೂ ಕಳಚಿಕೊಳ್ಳುವುದು ಸುಲಭ. ನೀರಿನಲ್ಲಿ ಪೊಟ್ಯಾಸಿಯಂನ ಆರ್ಭಟಕ್ಕೆ ಕಾರಣ ಇದೇ.

ಒಂದು ಎಲೆಕ್ಟ್ರಾನನ್ನು ಕಿತ್ತುಹಾಕಲು ಬೇಕಾಗುವ ಶಕ್ತಿಗೆ ಅಯಾನೀಕರಣ ಶಕ್ತಿ ಎನ್ನುತ್ತಾರೆ. ಮೂರನೆಯ ಸಾಲಿನ ಅಂಕಿಗಳನ್ನು, ಮೋಲಿಗೆ ಕಿಲೋಜೂಲ್ ಲೆಕ್ಕದಲ್ಲಿ, ಕ್ರಮವಾಗಿ ಬರೆಯಿರಿ: ಸೋಡಿಯಂ 496, ಮೆಗ್ನೀಸಿಯಂ 738, ಅಲ್ಯೂಮಿನಿಯಂ 578, ಸಿಲಿಕಾನ್ 787, ಫಾಸ್ಫರಸ್ 1012, ಗಂಧಕ 1000, ಕ್ಲೋರಿನ್ 1251, ಆರ್ಗಾನ್ 1521. ಒಟ್ಟಾರೆ ಏರಿಕೆ ಹೌದು, ಆದರೆ ಎರಡು ಕಡೆ ಮೆಟ್ಟಿಲು ಜಾರಿದೆ. ಗೋಡೆಯ ಪಟದ ಮೇಲಿನ ಬಾಣದ ಗುರುತು ಈ ಜಾರುವಿಕೆಯನ್ನು ಮರೆಮಾಡುತ್ತದೆ. ಕಲಿಯುವವರು ಅದನ್ನೇ ಹಿಡಿದು ನಿಲ್ಲಬೇಕು. ಅಲ್ಯೂಮಿನಿಯಂನಲ್ಲಿ ಹೊಸ ಎಲೆಕ್ಟ್ರಾನು ಎಸ್ ಕೋಣೆ ಬಿಟ್ಟು ಶಕ್ತಿಯಲ್ಲಿ ಮೇಲಿರುವ ಪಿ ಕೋಣೆಗೆ ಕಾಲಿಟ್ಟಿದೆ, ಹಾಗಾಗಿ ಸುಲಭವಾಗಿ ಹೊರಬರುತ್ತದೆ. ಪಿ ಕೋಣೆಯಲ್ಲಿ ಇಬ್ಬಿಬ್ಬರು ಕೂರುವ ಮೂರು ಆಸನಗಳಿವೆ. ಫಾಸ್ಫರಸ್‌ವರೆಗೆ ಒಂದೊಂದು ಆಸನದಲ್ಲಿ ಒಬ್ಬೊಬ್ಬರೇ, ಖಾಲಿ ಬಸ್ಸಿನಲ್ಲಿ ನಾವು ಕೂರುವ ಹಾಗೆ. ಗಂಧಕದಲ್ಲಿ ನಾಲ್ಕನೆಯವನು ಯಾರದೋ ಪಕ್ಕದಲ್ಲಿ ಕೂರಲೇಬೇಕು, ಆ ಇಕ್ಕಟ್ಟಿನಿಂದ ಹೊರಗೆ ಬರಲು ಅಷ್ಟು ಶಕ್ತಿ ಬೇಡ.

ಲೋಹ, ಅಲೋಹಗಳ ಗಡಿಯೂ ಇದೇ ಇಳಿಜಾರಿನ ಫಲ. ಎಲೆಕ್ಟ್ರಾನ್ ಸುಲಭವಾಗಿ ಬಿಟ್ಟುಕೊಡುವವು ಎಡಕ್ಕೆ ಮತ್ತು ಕೆಳಕ್ಕೆ, ಅವೇ ಲೋಹಗಳು. ಬಿಗಿಹಿಡಿಯುವವು ಬಲಕ್ಕೆ ಮತ್ತು ಮೇಲಕ್ಕೆ. ನಡುವೆ ಬೋರಾನ್‌ನಿಂದ ಸಿಲಿಕಾನ್, ಜರ್ಮೇನಿಯಂ, ಆರ್ಸೆನಿಕ್, ಆಂಟಿಮನಿ ಹಾದು ಟೆಲ್ಯೂರಿಯಂವರೆಗೆ ಮೆಟ್ಟಿಲಿನಂತೆ ಇಳಿಯುವ ಲೋಹಾಭಗಳು.

ಹಂತ 9: ಖಾಲಿ ಮನೆಯನ್ನು ತುಂಬುವುದು

ಕೋಷ್ಟಕ ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹವೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾನು ಕಂಡಿಲ್ಲ. 32ನೆಯ ಮನೆಯ ಮೇಲೆ ಹೆಬ್ಬೆರಳಿಟ್ಟು ಮುಚ್ಚಿಕೊಳ್ಳಿ. ಮೇಲೆ ಸಿಲಿಕಾನ್, ಕೆಳಗೆ ತವರ, ಎಡಕ್ಕೆ ಗ್ಯಾಲಿಯಂ, ಬಲಕ್ಕೆ ಆರ್ಸೆನಿಕ್. ನಾಲ್ಕು ನೆರೆಯವರ ರಾಶಿಗಳು 28.1, 118.7, 69.7, 74.9. ಕೂಡಿಸಿದರೆ 291.4, ನಾಲ್ಕರಿಂದ ಭಾಗಿಸಿದರೆ 72.85. ಸಾಂದ್ರತೆಗಳು, ಘನ ಸೆಂಟಿಮೀಟರಿಗೆ ಗ್ರಾಂ ಲೆಕ್ಕದಲ್ಲಿ, 2.33, 7.3, 5.9, 5.7. ಕೂಡಿಸಿದರೆ 21.23, ಭಾಗಿಸಿದರೆ 5.31. ಈಗ ಹೆಬ್ಬೆರಳು ತೆಗೆಯಿರಿ. ಜರ್ಮೇನಿಯಂನ ರಾಶಿ 72.63, ಸಾಂದ್ರತೆ 5.32.

ಮೆಂಡಲೀವ್ ಮಾಡಿದ್ದು ಹೆಚ್ಚುಕಡಿಮೆ ಇದೇ ಬಗೆಯ ಲೆಕ್ಕ. ಆಗ ಈ ಮನೆ ನಿಜಕ್ಕೂ ಖಾಲಿಯಿತ್ತು. ಅವರು ಅಲ್ಲಿರಬೇಕಾದ ಧಾತುವಿಗೆ ರಾಶಿ 72, ಸಾಂದ್ರತೆ 5.5 ಎಂದು ಬರೆದು, ಏಕ-ಸಿಲಿಕಾನ್ ಎಂದು ಹೆಸರಿಟ್ಟರು. ಆ ಏಕ ನಮ್ಮ ಏಕವೇ; ಸಿಲಿಕಾನ್‌ನಿಂದ ಕೆಳಗೆ ಒಂದನೆಯದು ಎಂಬ ಅರ್ಥದಲ್ಲಿ ಸಂಸ್ಕೃತದಿಂದ ತೆಗೆದುಕೊಂಡದ್ದು. ಜರ್ಮನಿಯ ಕ್ಲೆಮೆನ್ಸ್ ವಿಂಕ್ಲರ್ 1886ರಲ್ಲಿ ಅದನ್ನು ಅದಿರಿನಿಂದ ಬೇರ್ಪಡಿಸಿದರು. ಅದಕ್ಕೂ ಮೊದಲು, 1875ರಲ್ಲಿ, ಏಕ-ಅಲ್ಯೂಮಿನಿಯಂನ ಮನೆಗೆ ಗ್ಯಾಲಿಯಂ ಬಂದಿತ್ತು. ಅದನ್ನು ಕಂಡುಹಿಡಿದ ಫ್ರಾನ್ಸಿನ ಬ್ವಾಬೊದ್ರಾನ್ ಸಾಂದ್ರತೆ 4.7 ಎಂದು ಅಳೆದಿದ್ದರು. ಲೋಹವನ್ನು ಕಣ್ಣಿಂದಲೂ ನೋಡಿರದ ಮೆಂಡಲೀವ್, ಅದು 5.9ರ ಆಸುಪಾಸಿನಲ್ಲಿರಬೇಕು, ಶುದ್ಧಗೊಳಿಸಿ ಮತ್ತೆ ಅಳೆಯಿರಿ ಎಂದರು. ಅಳೆದಾಗ 5.9 ಬಂತು.

ಆದರೆ ಈ ಸರಾಸರಿಯ ಲೆಕ್ಕವನ್ನು ಎಲ್ಲ ಗುಣಗಳಿಗೂ ಹಚ್ಚಬಾರದು. ಕರಗುವ ಬಿಂದುವಿಗೆ ಪ್ರಯತ್ನಿಸಿ: ಸಿಲಿಕಾನ್ 1414 ಡಿಗ್ರಿ ಸೆಲ್ಸಿಯಸ್, ತವರ 232, ಸರಾಸರಿ 823, ಜರ್ಮೇನಿಯಂ ನಿಜವಾಗಿ ಕರಗುವುದು 938ರಲ್ಲಿ. ಎಡಗಡೆಯ ಗ್ಯಾಲಿಯಂ ಅನ್ನು ಸೇರಿಸಿಕೊಂಡರಂತೂ ಲೆಕ್ಕ ಇನ್ನೂ ಕೆಡುತ್ತದೆ, ಏಕೆಂದರೆ ಅದು 29.8 ಡಿಗ್ರಿಯಲ್ಲೇ ಕರಗುತ್ತದೆ. ರಾಯಚೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಅದನ್ನು ಘನರೂಪದಲ್ಲಿ ಇಟ್ಟುಕೊಳ್ಳಲು ಫ್ರಿಜ್ ಬೇಕು. ಕರಗುವಿಕೆ ಪರಮಾಣುಗಳು ಒಂದಕ್ಕೊಂದು ಹೆಣೆದುಕೊಂಡ ರೀತಿಯನ್ನು ಅವಲಂಬಿಸಿದೆ, ಆ ಹೆಣಿಗೆ ಮನೆಯಿಂದ ಮನೆಗೆ ಥಟ್ಟನೆ ಬದಲಾಗಬಹುದು.

ಕಂಬಸಾಲಿನ ನೆಂಟಸ್ತನಕ್ಕೆ ಕಹಿಯಾದ ಒಂದು ಉದಾಹರಣೆಯೂ ಇದೆ. ಅಣುಬಾಂಬು ಪರೀಕ್ಷೆಗಳಿಂದ ಗಾಳಿಗೆ ಸೇರಿದ ಸ್ಟ್ರಾನ್ಷಿಯಂ-90 ಹುಲ್ಲಿಗೆ, ಹುಲ್ಲಿನಿಂದ ಹಾಲಿಗೆ, ಹಾಲಿನಿಂದ ಮಕ್ಕಳ ಎಲುಬಿಗೆ ಸೇರಿತು. ಎಲುಬಿಗೇ ಏಕೆ ಎಂಬುದಕ್ಕೆ ಎರಡನೆಯ ಕಂಬಸಾಲನ್ನು ನೋಡಿದರೆ ಸಾಕು. ಸ್ಟ್ರಾನ್ಷಿಯಂನ ಮನೆ ಕ್ಯಾಲ್ಸಿಯಂನ ಕೆಳಗಿದೆ, ದೇಹ ಎರಡನ್ನೂ ಬೇರೆಬೇರೆಯೆಂದು ಗುರುತಿಸಲು ಸೋಲುತ್ತದೆ.

ಹಂತ 10: ಒಗ್ಗದವರನ್ನು ಒಪ್ಪಿಕೊಳ್ಳುವುದು

ನಿಮ್ಮ ಚೀಟಿಗಳಲ್ಲಿ ಹೈಡ್ರೋಜನ್ ಲಿಥಿಯಂನ ಮೇಲೆ ಕುಳಿತಿದೆ, ಆದರೆ ಅದು ಲೋಹವಲ್ಲ, ಅನಿಲ. ಒಂದು ಎಲೆಕ್ಟ್ರಾನ್ ಕೊಡಬಲ್ಲದು ಎಂದು ಎಡಕ್ಕೆ ಇಟ್ಟರೆ, ಒಂದು ಪಡೆದು ಪೂರ್ಣವಾಗಬಲ್ಲದು ಎಂಬ ಕಾರಣಕ್ಕೆ ಫ್ಲೂರಿನ್‌ನ ಮೇಲೂ ಇಡಬಹುದು. ಕೆಲವು ಪಟಗಳು ಅದನ್ನು ಎಲ್ಲಿಗೂ ಸೇರಿಸದೆ ಮೇಲೆ ಒಂಟಿಯಾಗಿ ತೇಲಿಬಿಡುತ್ತವೆ. ಹೀಲಿಯಂನದು ತಿರುಗುಮುರುಗು ಕಥೆ: ಅದರ ಎರಡು ಎಲೆಕ್ಟ್ರಾನುಗಳೂ ಎಸ್ ಕೋಣೆಯವಾದ್ದರಿಂದ ಎಣಿಕೆಯ ಪ್ರಕಾರ ಬೆರಿಲಿಯಂನ ಮೇಲಿರಬೇಕು, ಸ್ವಭಾವ ನೋಡಿ ನಿಯಾನ್‌ನ ಮೇಲೆ ಇಟ್ಟೆವು. ಮೂರನೆಯ ಗುಂಪಿನಲ್ಲಿ ಇಟ್ರಿಯಂನ ಕೆಳಗೆ ಲ್ಯಾಂಥನಮ್ ಬರಬೇಕೋ ಲುಟೀಷಿಯಂ ಬರಬೇಕೋ ಎಂಬುದು ಇನ್ನೂ ಪೂರ್ತಿ ತೀರದ ವ್ಯಾಜ್ಯ. ಮೇಲಿನ ನನ್ನ ಕಳೆಯುವ ಲೆಕ್ಕ ಲುಟೀಷಿಯಂನ ಪರವಾಗಿದೆ; ನಿಮ್ಮ ಗೋಡೆಯ ಪಟ ಲ್ಯಾಂಥನಮ್‌ನ ಪರವಾಗಿರಬಹುದು. ಕ್ರೋಮಿಯಂ, ತಾಮ್ರಗಳಲ್ಲಿ ಕೋಣೆ ತುಂಬುವ ಸರದಿಯೂ ಒಂದು ಎಲೆಕ್ಟ್ರಾನಿನಷ್ಟು ತಪ್ಪುತ್ತದೆ.

2016ರಲ್ಲಿ 113, 115, 117, 118ನೆಯ ಧಾತುಗಳಿಗೆ ನಿಹೋನಿಯಂ, ಮಾಸ್ಕೋವಿಯಂ, ಟೆನೆಸೀನ್, ಒಗಾನೆಸನ್ ಎಂದು ಹೆಸರಿಟ್ಟಾಗ ಏಳನೆಯ ಸಾಲು ಭರ್ತಿಯಾಯಿತು. ಜಪಾನಿನ ರಿಕೆನ್ ಸಂಸ್ಥೆಯಲ್ಲಿ 119ನೆಯದಕ್ಕೆ ಹುಡುಕಾಟ ನಡೆದಿದೆ. ಒಂದು ಹೊಸ ಚೀಟಿ ತೆಗೆದುಕೊಂಡು ಲೆಕ್ಕ ಮಾಡಿ: 119ರಿಂದ 118 ಕಳೆದರೆ 1. ಎಂಟನೆಯ ಸಾಲು, ಮೊದಲ ಗುಂಪು, ಫ್ರಾನ್ಸಿಯಂನ ಕೆಳಗೆ. ವೇಲೆನ್ಸಿಯ ಜಾಗದಲ್ಲಿ ಪೆನ್ಸಿಲಿನಿಂದ 1 ಎಂದು ಬರೆದು ನೆಲದ ಮೇಲೆ ಆ ಜಾಗದಲ್ಲಿ ಇಟ್ಟುಬಿಡಿ. ಪೆನ್ಸಿಲಿನಿಂದಲೇ ಬರೆಯಿರಿ; ಅಷ್ಟು ಭಾರದ ಬೀಜಕೇಂದ್ರದ ಸುತ್ತ ಎಲೆಕ್ಟ್ರಾನುಗಳು ಬೆಳಕಿನ ವೇಗಕ್ಕೆ ಎಷ್ಟು ಸಮೀಪದಲ್ಲಿ ಓಡುತ್ತವೆಂದರೆ, ಪೊಟ್ಯಾಸಿಯಂನಿಂದ ಇಳಿದು ಬಂದ ಇಳಿಜಾರು ಅಲ್ಲಿಯೂ ಹಾಗೆಯೇ ಮುಂದುವರಿಯಬೇಕೆಂದಿಲ್ಲ.